ಹಾಲಿ, ಮಾಜಿ ಮತ್ತು ವಿದೇಶಿ

ನಮ್ಮ ಅಜ್ಜ ಮಂತ್ರಿಯಾಗಿದ್ದವರು. ದೊಡ್ಡಪ್ಪ ಮಾಜಿ ಶಾಸಕರು, ಕಾಕಾ ಹಾಲಿ ಶಾಸಕರು. ಮನೆತನದಲ್ಲಿ ನಾನೊಬ್ಬಳೇ ದಾರಿ ತಪ್ಪಿ ವಿದೇಶಾಂಗ ಸೇವೆಗೆ ಸೇರಿದೆ. ಇಪ್ಪತ್ತು ವರ್ಷ ಹೊರದೇಶಗಳಲ್ಲಿ ಕೂತು ಸರ್ಕಾರದ ಪರವಾಗಿ ಗಂಭೀರವಾಗಿ ಮಾತಾಡಿದ್ದೇನೆ. ಆದರೆ ರಜೆಗೆಂದು ಹಾನಗಲ್ಲಿಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವುದೇ ತಡ, ಆ ಗಾಂಭೀರ್ಯ ಉಳಿಯದಂಥದ್ದು ಏನಾದರೊಂದು ನಡೆದೇ ತೀರುತ್ತದೆ.

ಮಾಸೂರಿನ ಮಾಸ್ತರು

ನಾನು ನೌಕರಿಗೆ ಆಯ್ಕೆಯಾದ ಸುದ್ದಿ ಬಂದ ವಾರದ ಮಾತು. ನಮ್ಮ ಪಡಸಾಲೆಯಲ್ಲಿ ಬೆಳಿಗ್ಗೆ ಏಳಕ್ಕೇ ಮಂದಿ ಬಂದು ಕೂರುವುದು ಅಜ್ಜನ ಕಾಲದ ರೂಢಿ. ಅವತ್ತು ಮಾಸೂರಿನಿಂದ ಶಾಲಾ ಮಾಸ್ತರೊಬ್ಬರು ಬಂದಿದ್ದರು. ಅವರಿಗೆ ಹಾನಗಲ್ಲಿಗೆ ವರ್ಗ ಬೇಕಾಗಿತ್ತು. ಅರ್ಜಿಯನ್ನು ದೊಡ್ಡಪ್ಪನಿಗೆ ಕೊಡುವುದು ಬಿಟ್ಟು ನನ್ನ ಕೈಗೇ ಇಟ್ಟರು. ಹೊಸ ಅಧಿಕಾರ ಬಂದ ಕಡೆ ಕೆಲಸ ಬೇಗ ಆಗುತ್ತದೆ ಎಂದು ಅವರ ಲೆಕ್ಕ.

ನನ್ನದು ವಿದೇಶದ ಇಲಾಖೆ, ಶಾಲೆಗಳಿಗೂ ನನಗೂ ಸಂಬಂಧವಿಲ್ಲ, ಮುಂದಿನ ವರ್ಷ ಯುರೋಪಿಗೆ ಹೋಗಿಬಿಡುತ್ತೇನೆ ಎಂದು ವಿನಯದಿಂದ ತಿಳಿಸಿ ಹೇಳಿದೆ. ಮಾಸ್ತರು ಕೊಂಚ ಹೊತ್ತು ವಿಚಾರ ಮಾಡಿದರು. ಆಮೇಲೆ ಅರ್ಜಿಯನ್ನು ವಾಪಸ್ ಇಸಕೊಂಡು, ಪೆನ್ನು ತೆಗೆದು, ‘ಹಾನಗಲ್’ ಎಂದಿದ್ದನ್ನು ನೀಟಾಗಿ ಹೊಡೆದುಹಾಕಿದರು.

"ಹಂಗಾರ ನನಗೂ ಅಲ್ಲೇ ಎಲ್ಲೆರೆ ಹಾಕಸ್ರಿ. ಶಾಲಿ ಬಸ್‌ಸ್ಟ್ಯಾಂಡಿಗೆ ಸಮೀಪ ಇದ್ರ ಸಾಕು."

ಸವಣೂರಿನ ಖಾರ

ಒಮ್ಮೆ ಒಂದು ದೇಶದ ಜೊತೆ ವ್ಯಾಪಾರ ಒಪ್ಪಂದದ ಮಾತುಕತೆ ಇತ್ತು. ಅದಕ್ಕೆ ಹೊರಡುವ ಮುಂಚೆ ಊರಿಗೆ ಬಂದವಳು ಸವಣೂರಿಗೆ ಹೋಗಿ ಖಾರ ಕಟ್ಟಿಸಿಕೊಂಡೆ. ಖಾರವೆಂದರೆ ಚಹಾದ ಜೊತೆ ತಿನ್ನುವ ಕರಿದ ತಿನಿಸು. ಹೆಸರಿಗೆ ತಕ್ಕ ಹಾಗೆ ಇರುತ್ತದೆ. ಅಂಗಡಿಯ ಚಾಚಾ ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ಯಾರಿಗೆ ಒಯ್ಯುತ್ತೀ ಎಂದು ಕೇಳಿದರು. ಪರದೇಶದವರಿಗೆ ಎಂದೆ.

"ದೋಸ್ತಿ ಇದ್ದೋರಿಗೋ ಬೇಟಿ, ಜಗಳ ಇದ್ದೋರಿಗೋ?"

ಅದು ಇನ್ನೂ ತೀರ್ಮಾನವಾಗಿಲ್ಲ ಎಂದೆ. ಹಾಗಾದರೆ ಮಧ್ಯಮ ಇರಲಿ ಎಂದು ಒಂದು ಪೊಟ್ಟಣ ಕಟ್ಟಿಕೊಟ್ಟರು.

ಅಲ್ಲಿ ಮಾತುಕತೆ ಕೊನೆಯ ದಿನಕ್ಕೆ ಬಂದರೂ ಮುಗಿಯುವ ಲಕ್ಷಣ ಇರಲಿಲ್ಲ. ಅವತ್ತು ಸಹಿ ಆಗದಿದ್ದರೆ ಎರಡು ವರ್ಷದ ಕೆಲಸ ನೀರುಪಾಲು. ಆ ಕಡೆಯ ಮುಖ್ಯಸ್ಥರು ಒಂದೊಂದು ಕಲಮಿಗೂ ಅರ್ಧ ತಾಸು ಮಾತಾಡುವವರು. ಚಹಾ ಬಂದಾಗ ನಾನು ಪೊಟ್ಟಣ ಬಿಚ್ಚಿ ಮುಂದಿಟ್ಟೆ. ಅವರು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಮುಖ ಕೆಂಪಾಯಿತು, ಮೂರು ಲೋಟ ನೀರು ಹೋಯಿತು, ಆದರೂ ಕೈ ಮತ್ತೆ ಪೊಟ್ಟಣಕ್ಕೇ ಹೋಯಿತು. ಬಾಯಿ ತುಂಬಿದ್ದಾಗಲೇ ನಾನು ಉಳಿದ ಐದು ಕಲಮುಗಳನ್ನು ಓದಿಬಿಟ್ಟೆ. ಅವರು ಐದಕ್ಕೂ ತಲೆ ಆಡಿಸಿದರು.

ಮರುದಿನ ಅಲ್ಲಿಯ ಪತ್ರಿಕೆಯಲ್ಲಿ ಸಹಿ ಹಾಕುವ ಫೋಟೋ ಬಂತು. ಎರಡು ದೇಶಗಳ ಗೆಳೆತನ ನೆನೆದು ಮುಖ್ಯಸ್ಥರ ಕಣ್ಣು ತುಂಬಿ ಬಂದವು ಎಂದು ಅದರ ಕೆಳಗೆ ಬರೆದಿದ್ದರು. ಚಾಚಾನಿಗೆ ಒಂದು ಪ್ರತಿ ಕಳಿಸಿದೆ. ಅವರು ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದಾರೆ. ಯಾರಾದರೂ ಕೇಳಿದರೆ, "ನಮ್ಮ ಗಿರಾಕಿ" ಅನ್ನುತ್ತಾರೆ.

ದುಂಡಸಿ ಬಸ್ಸು

ದೆಹಲಿಯಲ್ಲಿದ್ದ ವಿದೇಶಿ ರಾಯಭಾರಿಯೊಬ್ಬರು ನಮ್ಮ ಹಳ್ಳಿಗಳನ್ನು ನೋಡಬೇಕೆಂದು ನನ್ನ ಜೊತೆ ಬಂದಿದ್ದರು. ದುಂಡಸಿಯಲ್ಲಿ ಕಾರು ಕೆಟ್ಟು ನಿಂತಿತು. ಶಿಗ್ಗಾಂವಿಯಲ್ಲಿ ಸಭೆಗೆ ಹೊತ್ತಾಗಿತ್ತು. ಬೇರೆ ದಾರಿ ಕಾಣದೆ ಬಸ್ಸು ಹತ್ತಿದೆವು. ಮುಂದಿನ ಸೀಟು ಖಾಲಿ ಇತ್ತು. ಅವರನ್ನು ಅಲ್ಲಿ ಕೂರಿಸಿದೆ.

ಮುಂದಿನ ಸ್ಟಾಪಿನಲ್ಲಿ ಮೆಂತ್ಯೆಸೊಪ್ಪಿನ ಬುಟ್ಟಿ ಹಿಡಿದ ಅಜ್ಜಿಯೊಬ್ಬಳು ಹತ್ತಿದಳು. ನೇರ ರಾಯಭಾರಿಯ ಮುಂದೆ ಬಂದು ನಿಂತು, ಮೇಲೆ ಬರೆದಿದ್ದ ‘ಮಹಿಳೆಯರಿಗೆ’ ಎಂಬುದನ್ನು ಬೆರಳಿನಿಂದ ತೋರಿಸಿದಳು. ನಾನು ಅವಳ ಕಿವಿಯ ಹತ್ತಿರ ಬಗ್ಗಿ, ಇವರು ದೊಡ್ಡ ದೇಶವೊಂದರ ರಾಯಭಾರಿ, ಅವರ ರಾಜನ ಪರವಾಗಿ ಬಂದವರು, ಸರ್ಕಾರದ ಅತಿಥಿ ಎಂದೆಲ್ಲ ಹೇಳಿದೆ. ಅಜ್ಜಿ ಪೂರಾ ಕೇಳಿಸಿಕೊಂಡಳು. ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಇರ್ಲಿ ಬಿಡವಾ. ಹೆಂಗಸಂತೂ ಅಲ್ಲಲ್ಲ?"

ರಾಯಭಾರಿ ಎದ್ದು ನಿಂತರು. ಶಿಗ್ಗಾಂವಿ ಬರುವವರೆಗೆ ಆ ಸೊಪ್ಪಿನ ಬುಟ್ಟಿ ಅವರ ಕೈಯಲ್ಲೇ ಇತ್ತು.

ಲಗ್ನಪತ್ರಿಕೆ

ಇದು ನನ್ನ ತಂಗಿಯ ಮದುವೆಯದು. ಹಾನಗಲ್ಲಿನ ದೊಡ್ಡಪ್ಪ ಒಂದು ಪಕ್ಷ, ಹಿರೇಕೆರೂರಿನ ಕಾಕಾ ಇನ್ನೊಂದು ಪಕ್ಷ. ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಎಂಬ ಪ್ರಶ್ನೆ ಎದ್ದಿತು. ವಯಸ್ಸಿನಲ್ಲಿ ನಾನು ಹಿರಿಯ ಎಂದು ದೊಡ್ಡಪ್ಪ. ಹಾಲಿ ಇದ್ದವನ ಮುಂದೆ ಮಾಜಿಯ ಹೆಸರು ಬರಲು ಹೇಗೆ ಸಾಧ್ಯ ಎಂದು ಕಾಕಾ. ತಮ್ಮ ಹೆಸರು ಎರಡನೆಯದಾದರೆ ಮದುವೆಗೇ ಬರುವುದಿಲ್ಲ ಎಂದು ಇಬ್ಬರೂ ಹೇಳಿ ಕಳಿಸಿದರು. ನಡುವಿನವರಾದ ನಮ್ಮಪ್ಪ ಊಟ ಬಿಟ್ಟರು. ತಂಗಿ ರಿಜಿಸ್ಟರ್ ಮದುವೆ ಆಗುತ್ತೇನೆ ಎಂದು ಅಳಹತ್ತಿದಳು. ಅವ್ವ ನನಗೆ ಫೋನ್ ಮಾಡಿ, "ದೇಶದೇಶಕ್ಕ ರಾಜಿ ಮಾಡಸ್ತಿಯಂತ, ನಿಮ್ಮ ಮನೀದು ಮಾಡ್ಸು ಬಾ" ಎಂದಳು.

ನಮ್ಮ ಕೆಲಸದಲ್ಲಿ ಒಂದು ಹಳೆಯ ಪದ್ಧತಿ ಇದೆ. ಒಪ್ಪಂದದ ಎರಡು ಪ್ರತಿ ಮಾಡುತ್ತಾರೆ. ನಮ್ಮಲ್ಲಿ ಉಳಿಯುವ ಪ್ರತಿಯಲ್ಲಿ ನಮ್ಮ ದೇಶದ ಹೆಸರು ಮೊದಲು, ಅವರಿಗೆ ಹೋಗುವ ಪ್ರತಿಯಲ್ಲಿ ಅವರದು ಮೊದಲು. ನಾನು ಯಾರಿಗೂ ಹೇಳದೆ ಎರಡು ಥರದ ಪತ್ರಿಕೆ ಅಚ್ಚು ಹಾಕಿಸಿದೆ. ಹಾನಗಲ್, ಶಿಗ್ಗಾಂವಿ ಕಡೆ ಹೋದದ್ದರಲ್ಲಿ ದೊಡ್ಡಪ್ಪ ಮೊದಲು. ಹಿರೇಕೆರೂರು, ಸವಣೂರು ಕಡೆ ಹೋದದ್ದರಲ್ಲಿ ಕಾಕಾ ಮೊದಲು. ಇಬ್ಬರೂ ತಾವು ಗೆದ್ದೆವೆಂದು ಮೀಸೆ ತಿರುವುತ್ತ ಮದುವೆಗೆ ಬಂದರು. ಅಕ್ಷತೆ ಬಿತ್ತು. ನಾನು ನಿರಾಳವಾಗಿ ಉಸಿರು ಬಿಟ್ಟೆ.

ಚಿಕ್ಕೇರೂರಿನಲ್ಲಿರುವ ನಮ್ಮ ಸೋದರತ್ತೆಗೆ ಮಾತ್ರ ಎರಡೂ ಕಡೆಯಿಂದ ಪತ್ರಿಕೆ ಹೋಗಿದ್ದವು. ಆಕೆ ಎರಡನ್ನೂ ಚೀಲದಲ್ಲಿಟ್ಟುಕೊಂಡು ಬಂದು, ಊಟಕ್ಕೆ ಕೂತಾಗ ಅಣ್ಣನಿಗೊಂದು ತಮ್ಮನಿಗೊಂದು ಕೊಟ್ಟು, ಕನ್ನಡಕ ಮರೆತು ಬಂದಿದ್ದೇನೆ, ಒಂದು ಸಾಲದೆ ಎರಡು ಯಾಕೆ ಕಳಿಸಿದ್ದಾರೆ ಓದಿ ಹೇಳಿ ಎಂದಳು.

ನಾನು ಮೆಲ್ಲಗೆ ಅಡುಗೆಯವರ ಕಡೆ ಸರಿಯುತ್ತಿದ್ದೆ. ಹಿಂದಿನಿಂದ "ನಿಲ್ಲವಾ" ಎಂದು ಎರಡು ದನಿ ಒಟ್ಟಿಗೇ ಕೇಳಿದವು. ಇಬ್ಬರೂ ಪತ್ರಿಕೆ ಹಿಡಿದು ಬಂದು ನಿಂತಿದ್ದರು. ಇದು ಯಾರ ತಲೆ ಎಂದು ದೊಡ್ಡಪ್ಪ ಕೇಳಿದರು. ನಂದೇ ಎಂದು ಒಪ್ಪಿಕೊಂಡೆ.

"ಮೂವತ್ತು ವರ್ಷ ರಾಜಕೀಯ ಮಾಡೇನಿ," ಎಂದರು ದೊಡ್ಡಪ್ಪ. "ಇಂಥಾದ್ದು ನನಗ ಹೊಳೀಲಿಲ್ಲ."

"ನನಗೂ ಹೊಳೀಲಿಲ್ಲ ಅಣ್ಣಾ," ಎಂದರು ಕಾಕಾ.

ಒಂಬತ್ತು ವರ್ಷದ ನಂತರದ ಮೊದಲ ಮಾತು ಅದು. ನಮ್ಮಪ್ಪ ಕೈಯಲ್ಲಿದ್ದ ಸಾರಿನ ಬಕೆಟ್ ಕೆಳಗಿಟ್ಟು ಕಣ್ಣೊರೆಸಿಕೊಂಡರು. ಅಣ್ಣತಮ್ಮ ಹಂದರದ ಮೂಲೆಗೆ ಹೋಗಿ, ತಲೆಗೆ ತಲೆ ಕೂಡಿಸಿ ಐದು ನಿಮಿಷ ಗುಸುಗುಸು ಮಾತಾಡಿದರು. ವಾಪಸ್ ಬಂದು ಎರಡೂ ಪಕ್ಷಗಳ ಸರ್ವಾನುಮತದ ನಿರ್ಣಯವನ್ನು ದೊಡ್ಡಪ್ಪನ ಬಾಯಿಂದ ತಿಳಿಸಿದರು.

"ನೀ ಹೊರದೇಶದಾಗ ಆರಾಮ ಇರು ತಾಯಿ. ಈ ಕಡಿ ಇಲೆಕ್ಷನ್‌ಗೆ ಮಾತ್ರ ನಿಂದ್ರಬ್ಯಾಡ."