ವೃತ್ತದೊಳಗಿನ ದೊಡ್ಡವ್ವ

ಫೆಬ್ರುವರಿ ಎಂಟು, ಭಾನುವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ಹುನಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಕ್ಷತ್ರವೊಂದನ್ನು ಗುರುತಿಸಿ ಮುಗಿಸಿದೆ. ನನ್ನ ಕಷ್ಟ ಆಗಲೇ ಶುರುವಾಯಿತು. ಹಾಡಹಗಲೇ ಎಂಥ ನಕ್ಷತ್ರ ಎನ್ನಬೇಡಿ. ದೂರದ ಬೆಟ್ಟದ ಮೇಲಿನ ದೂರದರ್ಶಕ ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿಡುತ್ತದೆ. ಆ ರೋಹಿತದ ಗೆರೆಗಳನ್ನು ಲ್ಯಾಪ್‌ಟಾಪಿನಲ್ಲಿ ಓದಿ, ಇದು ಬಿಸಿ, ಇದು ತಂಪು ಎಂದು ವಿಂಗಡಿಸುವುದು ನನ್ನ ಸಂಶೋಧನೆ. ಸಂಬಂಧಿಕರನ್ನು ವಿಂಗಡಿಸುವುದು ಮಾತ್ರ ನನ್ನಿಂದ ಆಗುವುದಿಲ್ಲ. ಮದುವೆಮನೆಯಲ್ಲಿ ಯಾರಾದರೂ ಗಲ್ಲ ಹಿಡಿದು "ಗುರ್ತ ಸಿಕ್ತಿಲ್ಲವಾ?" ಎಂದರೆ "ಸಿಕ್ತರಿ" ಎಂದುಬಿಡುತ್ತೇನೆ. ಈವರೆಗೆ ಒಬ್ಬರದೂ ಸಿಕ್ಕಿಲ್ಲ.

ಆ ದಿನದ ನಕ್ಷತ್ರದ ಸಂಗತಿ ಇಷ್ಟು. ಎಲ್ಲಿಂದಲೋ ಕ್ಷ-ಕಿರಣ ಬರುತ್ತಿರುವುದನ್ನು ಉಪಗ್ರಹವೊಂದು ಕಂಡಿತ್ತು. ಇಂಥ ನಕ್ಷತ್ರದಿಂದಲೇ ಎಂದು ಅದು ಬೆರಳಿಟ್ಟು ತೋರಿಸಲಾರದು. ಇಲ್ಲೇ ಎಲ್ಲೋ ಎಂದು ಆಕಾಶದಲ್ಲೊಂದು ಸಣ್ಣ ವೃತ್ತ ಎಳೆದುಕೊಡುತ್ತದೆ, ಅಷ್ಟೆ. ಆ ವೃತ್ತದೊಳಗೆ ನಕ್ಷತ್ರಗಳು ಎರಡಿದ್ದವು. ಒಂದು ಝಗಝಗ, ಇನ್ನೊಂದು ಮಂಕು. ಝಗಝಗನೆ ಹೊಳೆಯುವುದೇ ಇರಬೇಕೆಂದು ಬರೆದುಬಿಟ್ಟೆ. ಮಂಕಿನ ರೋಹಿತ ತೆರೆಯುವಷ್ಟರಲ್ಲಿ ಅವ್ವ ಒಳಗಿನಿಂದ ಕೂಗಿದಳು: "ಚುಕ್ಕಿ ಸಾಕ ಮಾಡ. ಅಮೀನಗಡಕ್ಕ ಹೋಗಿ ದೊಡ್ಡವ್ವನ್ನ ಕರ್ಕೊಂಡ ಬಾ."

ದೊಡ್ಡವ್ವ ಎಂದರೆ ಬಾದಾಮಿಯಲ್ಲಿರುವ ಅವ್ವನ ಅಕ್ಕ. ನನ್ನನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಅವ್ವ ಖುದ್ದಾಗಿ ಹೋಗಿ ಕರೆಯಲಿಲ್ಲವೆಂದು ಮುನಿಸಿಕೊಂಡವಳು. ಅಂದಿನಿಂದ ಅಕ್ಕತಂಗಿಯರಲ್ಲಿ ಮಾತಿಲ್ಲ. ಈಗ ಅವಳ ಮಗ ಅತ್ತುಕರೆದು ಅಮೀನಗಡದವರೆಗಿನ ಬಸ್ಸು ಹತ್ತಿಸಿದ್ದ. ಈ ಸಲವೂ ಮರ್ಯಾದೆಗೆ ಕುಂದು ಬಂದರೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ಬರುವವಳಲ್ಲ.

"ನೀನ ಹೋಗಬಾರ್ದೇನವಾ?" ಎಂದೆ.

"ಹೋಳಗಿ ಯಾರ ಮಾಡಾವರು? ಅದೂ ಅಲ್ದ, ಮೊದಲ ಮಾತಾಡಾಕಿ ನಾ ಅಲ್ಲ."

ದೊಡ್ಡವ್ವ ಫೋನು ಇಟ್ಟುಕೊಂಡವಳಲ್ಲ, ಫೋಟೋಕ್ಕೆ ನಿಂತವಳೂ ಅಲ್ಲ. ಗುರುತೇನು ಎಂದರೆ ಅವ್ವ, "ಇಲಕಲ್ಲ ಸೀರಿ ಉಟ್ಟಿರ್ತಾಳ. ಬಾಯಿ ಜೋರ," ಎಂದಳು. ಅಮೀನಗಡದ ಬಸ್ ನಿಲ್ದಾಣದಲ್ಲಿ ಇಳಕಲ್ ಸೀರೆಯವರನ್ನು ಹುಡುಕುವುದೆಂದರೆ ಆಕಾಶದಲ್ಲಿ ಮಿನುಗುವುದನ್ನು ಹುಡುಕಿದಂತೆ.

ಅಲ್ಲಿ ಒಂಟಿಯಾಗಿದ್ದ ಹಿರಿಯ ಹೆಂಗಸರು ಇಬ್ಬರೇ. ಒಬ್ಬರು ಮಾಸಿದ ಸೀರೆಯ ಸೆರಗು ಹೊದ್ದು ಮೂಲೆಯ ಬೆಂಚಿನಲ್ಲಿ ಸುಮ್ಮನೆ ಕೂತಿದ್ದರು. ಇನ್ನೊಬ್ಬರು ದಾಳಿಂಬೆ ಬಣ್ಣದ ಹೊಸ ಸೀರೆಯಲ್ಲಿ ಕರದಂಟಿನ ಅಂಗಡಿಯವನಿಗೆ, "ಇದರಾಗ ಅಂಟು ಎಲ್ಲೈತೋ ತಮ್ಮಾ?" ಎಂದು ಬೆವರಿಳಿಸುತ್ತಿದ್ದರು. ನಾನು ಸೀದಾ ಹೊಳೆಯುವ ಕಡೆಗೇ ಹೋದೆ.

"ಅವ್ವ ಕಳಿಸ್ಯಾಳ್ರಿ, ಬರ್ರಿ."

"ಈಗ ಬಂದೇನವಾ? ನಾ ಬಿಸಲಾಗ ಒಣಗಿ ಹಪ್ಪಳಾದ ಮ್ಯಾಲ?"

ಬಾಯಿ ಜೋರು. ಗೆರೆ ಹೊಂದಿತು! ನಮ್ಮ ಕಡೆ ಹಿರಿಯರನ್ನು "ನೀವು ಯಾರು" ಎಂದು ಕೇಳುವುದಕ್ಕಿಂತ ದೊಡ್ಡ ಅವಮಾನವಿಲ್ಲ. ನಾನು ಕೇಳಲಿಲ್ಲ, ಅವರೂ ಕೇಳಲಿಲ್ಲ. ಸ್ಕೂಟಿಯ ಹಿಂದೆ ಕೂತವರು, "ಅಕ್ಕ ಹೆಂಗದಾಳ? ಕೂಸ ಹಾಲ ಕುಡಿತೈತಿಲ್ಲ?" ಎಂದರು. ನನಗೆ ಅಕ್ಕನೇ ಇಲ್ಲ. ಆದರೂ ರೂಢಿಯಂತೆ, "ಚಲೋ ಕುಡಿತೈತ್ರಿ," ಎಂದೆ. ನಮ್ಮ ಓಣಿಗೆ ತಿರುಗಿದಾಗ, "ಇಲಕಲ್ಲ ಇಷ್ಟ ಲಗೂ ಬಂತ?" ಎಂದದ್ದನ್ನು ನಾನು ಹೊಗಳಿಕೆ ಎಂದುಕೊಂಡೆ.

ಬಾಗಿಲಲ್ಲಿ ಚಂಬು ಹಿಡಿದು ನಿಂತಿದ್ದ ಅವ್ವನ ನಗು ಅರ್ಧಕ್ಕೇ ನಿಂತಿತು. ಆದರೂ ಕಾಲಿಗೆ ನೀರು ಕೊಟ್ಟು, ಬೆಲ್ಲ ಕೊಟ್ಟು, ಆಮೇಲೆ ನನ್ನನ್ನು ಒಳಗೆ ಎಳೆದಳು.

"ಯಾರನ್ನ ತಂದೀಯೇ?"

"ದೊಡ್ಡವ್ವನ್ನ."

"ಅಕಿ ನಮ್ಮಕ್ಕ ಆದ್ರ, ನಾ ಯಾರ?"

ಅಷ್ಟರಲ್ಲಿ ಪಡಸಾಲೆಯಲ್ಲಿ ಅತಿಥಿಯ ಚೀಲದೊಳಗೆ ಫೋನು ಬಡಿದುಕೊಂಡಿತು. ಬಾಣಂತಿ ಸೊಸೆಯನ್ನು ನೋಡಲು ಇಳಕಲ್ಲಿಗೆ ಹೊರಟವರು ಅವರು. ಮದುವೆಯಲ್ಲೊಮ್ಮೆ ನೋಡಿದ್ದ ಸೊಸೆಯ ತಂಗಿ ಈಗ ಅಮೀನಗಡದಲ್ಲಿ ನಿಂತು ಅವರನ್ನು ಹುಡುಕುತ್ತಿದ್ದಳು. ಹಾಗಾದರೆ ಮೂಲೆಯ ಬೆಂಚಿನವರು?

ಅವ್ವ ಒಲೆಯ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಎಲ್ಲ ಕೇಳಿಸಿಕೊಂಡಿದ್ದ ಅತಿಥಿ ಸೆರಗು ಸಿಗಿಸಿಕೊಂಡು ಅಡುಗೆಮನೆಗೇ ಬಂದರು. "ಹೋಗ್ರೆವಾ, ಲಗೂ ಹೋಗ್ರಿ. ನಮ್ಮ ಹುಡುಗಿ ಇಲ್ಲಿಗೇ ಬರ್ತದ. ಹೂರಣ ನಾ ನೋಡ್ಕೋತೇನಿ." ಹೆಸರು ತಿಳಿಯದವರ ಕೈಗೆ ಮನೆ ಒಪ್ಪಿಸಿ ಹೊರಟೆವು.

ನಾವು ಮುಟ್ಟಿದಾಗ ಮಾಸಿದ ಸೀರೆಯವರ ಒಂದು ಕಾಲು ಬಾದಾಮಿ ಬಸ್ಸಿನ ಮೆಟ್ಟಿಲ ಮೇಲಿತ್ತು.

"ಅಕ್ಕಾ!" ಅವ್ವ ಸ್ಕೂಟಿ ನಿಲ್ಲುವ ಮೊದಲೇ ಕೂಗಿದಳು.

ದೊಡ್ಡವ್ವ ತಿರುಗಿದಳು. ಇಳಿಯಲಿಲ್ಲ. "ನಿಂದ ಮಾರಿ ಹೊತ್ತ ಈ ಹುಡುಗಿ ನನ್ನ ನೋಡಿ ಆಕಡೆ ಹೊಂಟ ಹೋತು. ನೀನ ಕಲಿಸಿ ಕಳಿಸೀದಿ ಅನ್ಕೊಂಡೆ."

"ಕಲಿಸಿದ್ರ ಇದು ಕಲಿಯೂ ಪೈಕಿ ಏನ? ಬಾ ಅಕ್ಕಾ. ನಾನ ಕರಿಯಾಕ ಬಂದೇನಿ."

"ಈಗ ಬಂದೀ?"

"ಬಸ್ ಸಿಗಲಿಲ್ಲ," ಎಂದಳು ಅವ್ವ.

ಕಂಡಕ್ಟರ್ ಸೀಟಿ ಊದಿದ. ದೊಡ್ಡವ್ವನಿಗೆ ನಗು ತಡೆಯಲಾಗಲಿಲ್ಲ. ಮೂಗು ಸುಕ್ಕಾಗಿಸಿ, ಭುಜ ಕುಣಿಸಿ, ಸದ್ದಿಲ್ಲದೆ ನಗುವ ಆ ನಗು ಅವ್ವನದೇ. ಮಂಕು ರೋಹಿತದಲ್ಲಿ ಒಂದೇ ಒಂದು ಗೆರೆ ಬೆಳಗಿದಂತಾಯಿತು. ಅವಳು ಕಾಲು ಕೆಳಗಿಟ್ಟಳು. ಸ್ಕೂಟಿಯಲ್ಲಿ ಮೂವರಿಗೆ ಜಾಗವಿಲ್ಲದ್ದರಿಂದ ಇಬ್ಬರೂ ಹುನಗುಂದದ ಬಸ್ಸು ಹತ್ತಿದರು, ಉಳಿದ ಜಗಳವನ್ನು ದಾರಿಯಲ್ಲಿ ಮುಗಿಸಿಕೊಳ್ಳಲು.

ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಹೋಳಿಗೆ ಉಂಡೆವು. ಸಂಜೆ ಮಂಕು ನಕ್ಷತ್ರವನ್ನು ತೆರೆದು ನೋಡಿದರೆ, ಕೆಂಪಿನ ಭಾಗದಲ್ಲಿ ಜಲಜನಕದ ಗೆರೆ ದೀಪದಂತೆ ಉರಿಯುತ್ತಿತ್ತು. ಸುತ್ತ ಬಿಸಿ ಅನಿಲ ಕುದಿಯುತ್ತಿರುವುದರ ಗುರುತು ಅದು; ಕ್ಷ-ಕಿರಣ ಸೂಸುವುದು ಈ ಮಂಕೇ ಇರಬೇಕು. ಉತ್ತರ ತಿದ್ದಿ ನಮ್ಮ ಗೈಡ್ ಮೇಡಂಗೆ ಕಳಿಸಿದೆ. ಅವರು "ಅನುಮಾನ ಬಂದದ್ದು ಹೇಗೆ?" ಎಂದು ಕೇಳಿದ್ದಾರೆ.

ಉಳಿದದ್ದು ಒಂದೇ. ನಮ್ಮ ಅತಿಥಿಯನ್ನು ಆ ಹುಡುಗಿ ಕರೆದುಕೊಂಡು ಹೋದಳು. ಒಂದೇ ಪಂಕ್ತಿಯಲ್ಲಿ ಉಂಡ ಮೇಲೆ ಹೆಸರು ಕೇಳುವುದು ಹೇಗೆಂದು ಯಾರೂ ಕೇಳಲಿಲ್ಲ. ಈಗ ದೊಡ್ಡವ್ವ, ಅವರನ್ನು ಮತ್ತೆ ಊಟಕ್ಕೆ ಕರೆಯಲೇಬೇಕು, ಅದೂ ಮನೆಗೇ ಹೋಗಿ ಕರೆಯಬೇಕು ಎಂದು ಹಟ ಹಿಡಿದಿದ್ದಾಳೆ. ಹೋಗಬೇಕಾದವಳು ನಾನು, ಇಡೀ ಇಳಕಲ್ಲೇ ನನ್ನ ವೃತ್ತ. ಆ ಮನೆಯಲ್ಲಿ ಬಾಣಂತಿ ಇದ್ದಾಳೆ, ನೋಡಲು ಬಂದ ಬೀಗಿತ್ತಿ ಹೂರಣಕ್ಕೆ ಜಾಜಿಕಾಯಿಯನ್ನು ತುಸು ಹೆಚ್ಚೇ ತೇಯುತ್ತಾರೆ. ಇದಕ್ಕಿಂತ ಹೆಚ್ಚು ತಿಳಿದವರು ದಯವಿಟ್ಟು ಬರೆಯಿರಿ.