ಅತ್ತೆ ಕೊಂಡ ಅಲೆಹಲಗೆ

ಬೆಂಗಳೂರಿನಲ್ಲಿ ಕೂತು, ಸಮುದ್ರದ ಅಲೆಯ ಮೇಲೆ ಸವಾರಿ ಮಾಡೋದಕ್ಕೆ ಹಲಗೆ ಹುಡುಕಿದ ಹೆಂಗಸು ಇಡೀ ಮೈಸೂರು ಸೀಮೆಗೆ ಒಬ್ಬಳೇ ಇದ್ದಿರಬೇಕು. ಆಕೆ ನನ್ನ ಸೋದರತ್ತೆ! ವಯಸ್ಸು ಐವತ್ತೊಂದು. ಮದುವೆ ಆಗಿರಲಿಲ್ಲ. ಅಷ್ಟು ವರ್ಷದಲ್ಲಿ ಆಕೆ ನೋಡಿದ್ದ ಅತಿ ದೊಡ್ಡ ನೀರು ಅಂದರೆ ನಮ್ಮ ಹಲಸೂರು ಕೆರೆ.

ಅತ್ತೆ ದಂಡಿನ, ಅಂದರೆ ಕಂಟೋನ್ಮೆಂಟಿನ, ಆಸ್ಪತ್ರೆಯೊಂದರಲ್ಲಿ ನರ್ಸ್. ಯುದ್ಧದ ಕಾಲದಲ್ಲಿ ಕಾಲು ಮುರಿದುಕೊಂಡು ಬಂದ ಒಬ್ಬ ಬಿಳಿ ಸಿಪಾಯಿ, ತನ್ನೂರಲ್ಲಿ ಜನ ಹಲಗೆ ಮೇಲೆ ಬೋರಲು ಮಲಗಿ ಅಲೆಯ ಜೊತೆ ದಡಕ್ಕೆ ಬರ್ತಾರೆ ಅಂತ ಹೇಳಿದನಂತೆ. ಬೇರೆಯವರಾಗಿದ್ದರೆ ಹೌದಾ ಅಂದು ಅವನ ಬಾಯಿಗೆ ಥರ್ಮಾಮೀಟರ್ ಇಟ್ಟು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಅತ್ತೆ ಮಾತ್ರ, "ಎಷ್ಟುದ್ದ? ಯಾವ ಮರ?" ಅಂತ ಕೇಳಿ, ಅವನ ಜ್ವರದ ಚೀಟಿಯ ಹಿಂದೆಯೇ ಬರೆದುಕೊಂಡು ಬಂದರು.

ಯುದ್ಧ ಮುಗಿಯಿತು. ನನ್ನ ಮದುವೆ ಗೊತ್ತಾಯಿತು. ಸೀರೆ ಮದರಾಸಿನಲ್ಲೇ ತರಬೇಕು ಅಂತ ತೀರ್ಮಾನ. ಅಮ್ಮನಿಗೆ ರೈಲು ಹತ್ತಿದರೆ ವಾಂತಿ. ಅಪ್ಪ, "ಅಕ್ಕಾ, ಸೀರೆ ತರೋಕೆ ನೀನೇ ಇವಳನ್ನ ಮದರಾಸಿಗೆ ಕರ್ಕೊಂಡು ಹೋಗ್ಬಾ" ಅಂದರು. ಆ ಮಾತಿನಲ್ಲಿ ಸೀರೆ ಅತ್ತೆಯ ಕಿವಿಗೆ ಬೀಳಲೇ ಇಲ್ಲ. ಮದರಾಸಿನಲ್ಲಿ ಸಮುದ್ರ ಇದೆಯಲ್ಲ!

ಮಾರನೆಯ ದಿನವೇ ಹಲಗೆಯ ಬೇಟೆ. ಈಗಿನ ಶಿವಾಜಿನಗರದ ಕಡೆ ಸಿಪಾಯಿಗಳು ಬಿಟ್ಟುಹೋದ ಸಾಮಾನು ರಾಶಿ ಹಾಕಿಕೊಂಡಿದ್ದ ಒಬ್ಬ ಸಾಬರ ಅಂಗಡಿ. ಅತ್ತೆ ಕೇಳಿದ್ದು ಪೂರ್ತಿ ಅರ್ಥವಾಗದಿದ್ದರೂ ಸಾಬರು ಒಳಗಿಂದ ಒಂದು ಉದ್ದನೆ ಹಲಗೆ ತಂದರು. ಒಂದು ತುದಿ ಚೂಪು, ಮೇಲೆ ಬಟ್ಟೆ, ಕೆಳಗೆ ಮಡಚುವ ಎರಡು ಕಾಲು.

"ಲೇಲೋ ಅಮ್ಮಾ, ಅಸಲಿ ವಿಲಾಯ್ತಿ ಮಾಲು!"

"ಇದಕ್ಕೆ ಕಾಲು ಯಾಕ್ರೀ?"

ಸಾಬರು ಒಂದು ಕ್ಷಣವೂ ತಡವರಿಸಲಿಲ್ಲ. "ಸಮುದ್ರದಲ್ಲಿ ಸುಸ್ತಾದ್ರೆ ನಿಲ್ಸೋಕೆ!"

ಅದು ಬಟ್ಟೆ ಇಸ್ತ್ರಿ ಮಾಡುವ ಮೇಜು ಅಂತ ನಾನು ಪಿಸುಗುಟ್ಟದೇ ಹೋಗಿದ್ದರೆ ಅತ್ತೆ ಕೊಂಡೇಬಿಡುತ್ತಿದ್ದರೋ ಏನೋ!

ಹೊಸದಾಗಿ ಮಾಡಿಸೋದೇ ಸರಿ ಅನ್ನಿಸಿತು. ಹಲಸೂರಿನಲ್ಲಿ ಅಚ್ಚುಕಟ್ಟಾದ ಕೆಲಸಕ್ಕೆ ಹೆಸರಾದ ಒಬ್ಬ ಮುದುಕ ಬಡಗಿ ಇದ್ದ. ಅಚ್ಚುಕಟ್ಟು ಅಂದರೆ ಶವಪೆಟ್ಟಿಗೆಯಲ್ಲಿ! ತೇಗ ಅಂದರೆ ತೂಕವೂ ಜಾಸ್ತಿ, ಬೆಲೆಯೂ ಜಾಸ್ತಿ. ಕೊನೆಗೆ ಮಿಲಿಟರಿ ಸಾಮಾನು ತುಂಬಿ ಬಂದಿದ್ದ ಪೆಟ್ಟಿಗೆಗಳ ಬಿಳಿ ಹಲಗೆಯೇ ಆಗಬಹುದು ಅಂತಾಯಿತು. ಅತ್ತೆ ಒಂದೊಂದನ್ನೂ ಎತ್ತಿ ನೋಡಿ, ತೆಂಗಿನಕಾಯಿ ಥರ ತಟ್ಟಿ ನೋಡಿ, ಗಂಟಿಲ್ಲದ ಎರಡು ಆರಿಸಿದರು. ಬಡಗಿ ಅಳತೆಗೆ ನಮ್ಮ ಮನೆಗೇ ಬಂದ.

"ನಿಂತವರನ್ನ ಅಳೆದು ಅಭ್ಯಾಸ ಇಲ್ಲ. ಮಲಕ್ಕೊಳ್ಳಿ ಅಮ್ಮಾ" ಅಂದ.

ಅತ್ತೆ ಜಗುಲಿಯ ಮೇಲೆ ಕಣ್ಣು ಮುಚ್ಚಿ ಮಲಗಿದರು. ಬಡಗಿ ಟೇಪು ಹಿಡಿದ. ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ಗೇಟಿನಿಂದ ಇಣುಕಿ, "ಅಯ್ಯೋ, ಬೆಳಿಗ್ಗೆ ಹಾಲು ತಗೊಳ್ಳುವಾಗ ಚೆನ್ನಾಗೇ ಇದ್ರಲ್ಲಾ!" ಅಂತ ಗೊಳೋ ಅಂದುಬಿಟ್ಟರು. ಅತ್ತೆ ಎದ್ದು ಕೂತು, "ಈಗ್ಲೂ ಚೆನ್ನಾಗೇ ಇದೀನಿ, ಕಾಫಿ ಕುಡ್ಕೊಂಡು ಹೋಗಿ" ಅಂದಾಗ ಆ ಪಾಪದ ಹೆಂಗಸು ಓಡಿದ ರಭಸ ಹೇಳಬೇಕೆ?

ಎರಡನ್ನೂ ಜೋಡಿಸಿ ಎದೆಮಟ್ಟದ ಉದ್ದಕ್ಕೆ ಹಲಗೆ ತಯಾರಾಯಿತು. ಬಡಗಿ ಅದರ ಮೂತಿಗೆ ಬಿಸಿನೀರು ಹೊಯ್ದು ಮೇಲಕ್ಕೆ ಬಗ್ಗಿಸಿದ್ದ. ಇನ್ನು ಪರೀಕ್ಷೆ. ಬೆಳಿಗ್ಗೆ ಕೆರೆಯಲ್ಲಿ, ಕಚ್ಚೆ ಕಟ್ಟಿಕೊಂಡು ಮೊಣಕಾಲುದ್ದ ನೀರಿಗಿಳಿದ ಅತ್ತೆಯನ್ನು ಕಂಡ ಕಾನ್‌ಸ್ಟೇಬಲ್ ಏದುಸಿರು ಬಿಡುತ್ತಾ ಬಂದ.

"ಯಾಕಮ್ಮಾ? ಮನೇಲಿ ಸರಿಯಾಗಿ ನೋಡ್ಕೊಳ್ತಿಲ್ವಾ?"

"ನೋಡ್ಕೊಳ್ತಾರಪ್ಪಾ. ಇದು ತೇಲುತ್ತೋ ಇಲ್ವೋ ನೋಡ್ತಿದೀನಿ."

"ಮುಳುಗಿದ್ರೆ?"

"ಬಡಗಿಗೆ ವಾಪಸ್ ಕೊಡ್ತೀನಿ!"

ತೇಲಿತು. ದಂಡಿನ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಕೃಷ್ಣರಾಜಪುರ ದಾಟುವಷ್ಟರಲ್ಲಿ ಎದುರಿನ ನಾಲ್ಕು ಗಂಡಸರು ನಮ್ಮ ಹಲಗೆಯನ್ನು ತೊಡೆಗಳ ಮೇಲೆ ಹಾಸಿಕೊಂಡು ಇಸ್ಪೀಟು ಶುರುಮಾಡಿದ್ದರು. ಅತ್ತೆ ಬೇಡ ಅನ್ನಲಿಲ್ಲ. ಐದನೆಯ ಕೈ ಆಗಿ ಸೇರಿಕೊಂಡರು!

ಮದರಾಸಿನಲ್ಲಿ ಸೀರೆ ಆರಿಸಿದ್ದು ಅರ್ಧ ಗಂಟೆ. ಆಮೇಲೆ ನೇರ ಸಮುದ್ರ. ಮೊದಲ ಬಾರಿ ನೋಡಿದಾಗ ಅತ್ತೆ, "ಬಹಳ ಇದೆ" ಅಂದರು, ಅಷ್ಟೇ. ಮೂರು ಸಲ ಅಲೆ ಆಕೆಯನ್ನು ಮಗುಚಿ ಮರಳಿಗೆ ಎಸೆಯಿತು. ಬಲೆ ಒಣಗಿಸುತ್ತಿದ್ದ ಮೀನುಗಾರರು ಕೆಲಸ ಬಿಟ್ಟು ಸಾಲಾಗಿ ನಿಂತರು. ನಾಲ್ಕನೆಯ ಸಲ ಅತ್ತೆ ಹಲಗೆಯ ಮೇಲೆ ಬೋರಲಾಗಿ, ಬಾಯಿ ತೆರೆದುಕೊಂಡು, ನನ್ನ ಕಾಲಬುಡಕ್ಕೇ ಬಂದು ತಲುಪಿದರು! ಮೀನುಗಾರರು ಕೇಕೆ ಹಾಕಿದರು.

ಎದ್ದು, ಮುಖದ ಮರಳು ಒರೆಸಿಕೊಂಡು, ಹಲಗೆಯನ್ನು ನನ್ನ ಕಡೆ ತಳ್ಳಿದರು.

"ಈಗ ನೀನು."

"ಅಯ್ಯೋ, ನಾನಾ? ಅಪ್ಪನ್ನ ಕೇಳ್ದೆ..."

"ಮುಂದಿನ ತಿಂಗಳು ಮದುವೆ ನಿಂದು. ಆಮೇಲೆ ಎಲ್ಲದಕ್ಕೂ ಯಾರನ್ನೋ ಕೇಳ್ಬೇಕು. ಇವತ್ತು ಒಂದಿನ ಕೇಳ್ಬೇಡ ಕಣೇ. ಮಲಕ್ಕೋ."

ಮಲಗಿದೆ. ಸೊಂಟದುದ್ದ ನೀರಿನಲ್ಲಿ ನಿಂತು ಅತ್ತೆ ಹಲಗೆ ಹಿಡಿದಿದ್ದರು. ಅಲೆ ಬಂತು, ಕೈ ಬಿಟ್ಟರು. ಹೊಟ್ಟೆಯ ಕೆಳಗೆ ಇಡೀ ಸಮುದ್ರ ಎದ್ದು ಓಡಿದ ಹಾಗಾಯಿತು. ನಾನು ಕಿರುಚಿದೆನೋ ನಕ್ಕೆನೋ ಗೊತ್ತಿಲ್ಲ. ಮರಳು ತಾಗಿದ ಮೇಲೆ ಹಿಂತಿರುಗಿ ನೋಡಿದೆ.

ಅತ್ತೆ ಅಲ್ಲೇ ನಿಂತಿದ್ದರು. ಎರಡೂ ಕೈ ಇನ್ನೂ ನನ್ನ ಕಡೆಗೆ ಚಾಚಿಕೊಂಡೇ ಇದ್ದವು.