ಬೈರಯ್ಯನ ಮನೆ ತುಂಬಿದ ದಿನ

ಬೈರಯ್ಯ ಮಾಡಿದ ತಪ್ಪು ಒಂದೇ. ಸಂತೋಷವನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳದೆ ನಲ್ಲಿ ಹತ್ತಿರ ಹೇಳಿಬಿಟ್ಟ. ಚಾಮರಾಜಪೇಟೆಯ ಆ ವಠಾರದಲ್ಲಿ ನಲ್ಲಿ ಹತ್ತಿರ ಆಡಿದ ಮಾತು ನೀರಿಗಿಂತ ಬೇಗ ಮನೆಮನೆ ಸೇರುತ್ತಿತ್ತು. ಎಪ್ಪತ್ತೆಂಟನೇ ಇಸವಿ ಬೇಸಿಗೆಯಲ್ಲಿ ನೀರಂತೂ ಬರುತ್ತಲೇ ಇರಲಿಲ್ಲ ಅನ್ನಿ.

"ಇವತ್ತು ಸಂಜೆ ಸಂಘದೋರು ನಮ್ಮನೆಗೆ ಬರ್ತಾರಂತೆ ಅಮ್ಮಾವ್ರೇ," ಅಂದ ಬೈರಯ್ಯ, ಭಾನುವಾರ ಬೆಳಿಗ್ಗೆ, ಬಿಂದಿಗೆ ಹಿಡಿದು ದೂರದಲ್ಲೇ ನಿಂತು. "ನಮ್ಮ ಸುಜಾತಂಗೆ ಸ್ಕಾಲರ್‌ಶಿಪ್ ಕೊಡೋ ವಿಚಾರ. ಯಾವ ಜಾತಿ, ಯಾವ ಭಾಷೆ ಅಂತ ಕೇಳಲ್ವಂತೆ. ಮನೆ ಸ್ಥಿತಿ ನೋಡಿ ವಠಾರಕ್ಕೊಬ್ಬರಿಗೆ ಕೊಡ್ತಾರಂತೆ."

ಮೊದಲನೇ ಮನೆಯ ಕಾವೇರಮ್ಮ ಕೊಡದ ಕೆಳಗೆ ಕೈಯಿಟ್ಟವಳು ಹಾಗೇ ನಿಂತಳು. "ಯಾರು ಹೇಳಿದ್ದು?"

"ಸಂಘದ ಸೆಕ್ರೆಟರಿ ಪಂಚಾಕ್ಷರಯ್ಯನೋರು ನಮ್ಮ ಆಫೀಸಿನೋರೇ. ಮುಂಚೆ ಹೇಳದೆ ಹೋಗೋದು ಅವರ ಪದ್ಧತಿ. ಮಾತಾಡ್ಕೊತಿದ್ರು, ಟೀ ಕೊಡೋಕೆ ಹೋದಾಗ ಕಿವಿಗೆ ಬಿತ್ತು."

ಬೈರಯ್ಯ ಆ ಆಫೀಸಿನ ಜವಾನ. ಹೆಂಡತಿ ಹನುಮಕ್ಕ ಮನೇಲೇ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಒಬ್ಬಳೇ ಮಗಳು ಸುಜಾತ ಎಂಟನೇ ಕ್ಲಾಸು ಮುಗಿಸಿದ್ದಳು. ಸ್ಕಾಲರ್‌ಶಿಪ್ ಸಿಕ್ಕರೆ ಒಂಬತ್ತನೇ ಕ್ಲಾಸು, ಸಿಗದಿದ್ದರೆ ಅಮ್ಮನ ಪಕ್ಕ ಊದುಬತ್ತಿ ಹಲಗೆ. ಇದು ಮನೆಯಲ್ಲಿ ಮೂರೂ ಜನಕ್ಕೆ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಅವರದು ವಠಾರದ ಕೊನೇ ಮನೆ, ಕಕ್ಕಸಿನ ಪಕ್ಕದ್ದು. ಜಾತಿ ಕೇಳದೆ ಬಾಡಿಗೆಗೆ ಕೊಟ್ಟಿದ್ದ ಮಾಲೀಕರು ಪುಣ್ಯಾತ್ಮರು. ಆದರೆ ಬೇರೆ ಮನೆಯವರು ಕೇಳದೆಯೇ ತಿಳಿದುಕೊಂಡಿದ್ದರು. ಗೋಡೆ ಮೇಲಿದ್ದ ಬುದ್ಧನ ಪಟ ಬಾಗಿಲಿಂದಲೇ ಕಾಣುತ್ತಿತ್ತಲ್ಲ! ಇಷ್ಟು ವರ್ಷದಲ್ಲಿ ಆ ಹೊಸಿಲು ದಾಟಿ ಒಳಗೆ ಬಂದಿದ್ದವಳು ಕಾವೇರಮ್ಮನ ಮಗಳು ಕೋಕಿಲ ಒಬ್ಬಳೇ, ಅದೂ ಅಮ್ಮನ ಕಣ್ಣು ತಪ್ಪಿಸಿ. ಸುಜಾತ, ಅವಳು ಒಂದೇ ಬೆಂಚು.

ಅಂಥಾದ್ದರಲ್ಲಿ ಮಧ್ಯಾಹ್ನ ಊಟ ಆಗುತ್ತಲೂ ಬಾಗಿಲಲ್ಲಿ ಕಾವೇರಮ್ಮ!

"ಬೈರಯ್ಯನವರೇ, ಇದೀರಾ?"

ಬೈರಯ್ಯ ಹಿಂದೆ ತಿರುಗಿ ನೋಡಿದ. 'ಏನಯ್ಯಾ' ಎನ್ನುತ್ತಿದ್ದವರ ಬಾಯಲ್ಲಿ 'ನವರೇ' ಬಂದರೆ ಯಾರಿಗೇ ಆಗಲಿ ಅನುಮಾನ ಬರೋದೇ.

"ದೊಡ್ಡೋರು ಬಂದ್ರೆ ನೆಲದ ಮೇಲೆ ಕೂರಿಸ್ತೀರಾ? ವಠಾರದ ಮರ್ಯಾದೆ ಪ್ರಶ್ನೆ. ನಮ್ಮನೆ ಕುರ್ಚಿಗಳು ಇಟ್ಕೊಳ್ಳಿ. ಈ ಸ್ಟೀಲ್ ಲೋಟಗಳಲ್ಲಿ ಕಾಫಿ ಕೊಡಿ." ಹಿಂದೆ ಅವಳ ಗಂಡ ರಾಮಸ್ವಾಮಿ ಎರಡು ಬೆತ್ತದ ಕುರ್ಚಿ ಹೊತ್ತು ಬೆವರುತ್ತಿದ್ದ.

ಅವರು ಹೋಗುವಷ್ಟರಲ್ಲಿ ಎರಡನೇ ಮನೆ ದೊರೆಸ್ವಾಮಿ ರೇಡಿಯೋ ತಂದ. "ಮನೇಲಿ ಒಂದು ಕಳೆ ಇರ್ಲಿ ಬೈರಯ್ಯನವರೇ." ಮೂರನೇ ಮನೆ ಓಬಳಪ್ಪ ಟೇಬಲ್ ಫ್ಯಾನೂ, ಗೋಡೆ ಗಡಿಯಾರವೂ ತಂದು, ತಾನೇ ಮೊಳೆ ಹೊಡೆದು ನೇತುಹಾಕಿದ. ಮಡಿ ಮೈಲಿಗೆ ಎರಡೂ ಅವತ್ತು ರಜೆ ಹಾಕಿದ್ದವು.

ಬೈರಯ್ಯ ಹೆಂಡತಿ ಕಡೆ ತಿರುಗಿದ. "ನೋಡ್ದ್ಯಾ ಹನುಮಿ? ಜನ ಕೆಟ್ಟೋರಲ್ಲ ಕಣೆ. ನಾವೇ ದೂರ ನಿಂತಿದ್ವಿ."

"ಒಂದು ಹಿಡಿ ಉಪ್ಪು ಕೊಡದೋರು ಫ್ಯಾನು ಕೊಟ್ರೆ ನಂಗೆ ಭಯ ಆಗುತ್ತಪ್ಪಾ," ಅಂದಳು ಹನುಮಕ್ಕ. "ಮನೆ ಸ್ಥಿತಿ ನೋಡೋಕೆ ಬರೋರಿಗೆ ಇದೆಲ್ಲ ತೋರಿಸ್ತೀಯಾ?"

"ಹಂಗೆಲ್ಲ ಅನ್ಬೇಡ. ಯಾರದ್ದು ಅಂತ ಕೇಳಿದ್ರೆ ಹೇಳಿದ್ರಾಯ್ತು. ಅವರೂ ಹೌದು ಅಂತಾರೆ."

ಬೇಡ ಅಂದರೆ ಬಂದವರಿಗೆ ಬೇಜಾರಾದೀತು ಅನ್ನೋದೇ ಅವನ ಚಿಂತೆ. ಇಷ್ಟು ವರ್ಷ ಕಾದು ಬಂದ ನೆಂಟರನ್ನು ಬಾಗಿಲಿಂದ ಕಳಿಸೋದುಂಟೆ?

ಸಂಜೆ ಪಂಚಾಕ್ಷರಯ್ಯನವರು ಬಂದರು. ಜೊತೆಗೆ ರಿಟೈರಾದ ಹೆಡ್‌ಮಿಸ್ಟ್ರೆಸ್ ಗಿರಿಜಾಂಬಾ. ಇಬ್ಬರೂ ಬೆತ್ತದ ಕುರ್ಚಿಯಲ್ಲಿ ಕೂತರು. ಫ್ಯಾನು ತಿರುಗುತ್ತಿತ್ತು. ಬಾಗಿಲಲ್ಲಿ ಇಡೀ ವಠಾರ ನಿಂತಿತ್ತು. ಹನುಮಕ್ಕ ಕೊಟ್ಟ ಕಾಫಿಯನ್ನು ಗಿರಿಜಾಂಬಾ ಹಿಂದೆಮುಂದೆ ನೋಡದೆ ಕುಡಿದರು.

"ಪರವಾಗಿಲ್ವೇ ಬೈರಯ್ಯ," ಅಂದರು ಪಂಚಾಕ್ಷರಯ್ಯ, ಸುತ್ತ ಕಣ್ಣಾಡಿಸಿ. "ನಮ್ಮನೇಲೂ ಇಂಥ ಫ್ಯಾನಿಲ್ಲ."

"ಅಯ್ಯೋ ಸ್ವಾಮಿ, ಇವು ಯಾವುದೂ ನಮ್ದಲ್ಲ! ರೇಡಿಯೋ ದೊರೆಸ್ವಾಮಿಯೋರದು. ಕೇಳಿ ಬೇಕಾದ್ರೆ."

ದೊರೆಸ್ವಾಮಿ ಮಿಕಿಮಿಕಿ ನೋಡಿದ. "ನಮ್ಮನೇಲಿ ರೇಡಿಯೋ ಎಲ್ಲಿ ಬರ್ಬೇಕು ಸಾರ್? ವಾರ್ತೆ ಕೇಳೋಕೆ ನಾನೇ ಬೈರಯ್ಯನವರ ಕಿಟಕಿ ಹತ್ರ ನಿಂತ್ಕೊತೀನಿ."

ಬೈರಯ್ಯ ಓಬಳಪ್ಪನ ಕಡೆ ತಿರುಗಿದ. "ಓಬಳಪ್ಪನೋರೇ, ಫ್ಯಾನು ನಿಮ್ದಲ್ವಾ?" ಓಬಳಪ್ಪ ಹೆಗಲ ಮೇಲಿನ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತಾ, "ನಮ್ಮಂಥ ಬಡವರಿಗೆ ಫ್ಯಾನಾ? ಇದೇ ನಮ್ಮ ಫ್ಯಾನು," ಅಂದ.

ಪಂಚಾಕ್ಷರಯ್ಯ ಜೇಬಿನಿಂದ ಚೀಟಿ ತೆಗೆದರು. "ಓಹೋ, ನೀವೇ ಓಬಳಪ್ಪನಾ? ಸ್ಕೂಲಿಂದ ನಿಮ್ಮ ಮಗನ ಹೆಸರೂ ಬಂದಿದೆ. ದೊರೆಸ್ವಾಮಿ, ರಾಮಸ್ವಾಮಿ... ನಾಲ್ಕೂ ಮನೆಯದು ಬಂದಿದೆ. ಇದಾದ್ಮೇಲೆ ನಿಮ್ಮನೆಗಳನ್ನೂ ನೋಡ್ತೀವಿ."

ಬೈರಯ್ಯನಿಗೆ ಆಗ ಅರ್ಥವಾಯಿತು. ಇವರು ಅವನ ಮನೆ ತುಂಬಿಸಲು ಬಂದವರಲ್ಲ, ತಮ್ಮ ಮನೆ ಖಾಲಿ ಮಾಡಲು ಬಂದವರು. ಬೆಳಿಗ್ಗೆ ನಲ್ಲಿ ಹತ್ತಿರ ಸುಳಿವು ಕೊಟ್ಟ ಪುಣ್ಯಾತ್ಮ ಅವನೇ.

ಅಷ್ಟರಲ್ಲಿ ಗಿರಿಜಾಂಬಾ ಲೋಟ ತಿರುಗಿಸಿ ಕನ್ನಡಕ ಸರಿಮಾಡಿಕೊಂಡರು. "ಇದರ ಮೇಲೆ ಕಾವೇರಮ್ಮ ಅಂತ ಕೆತ್ತಿದೆಯಲ್ಲ? ಯಾರು ಕಾವೇರಮ್ಮ?"

ಬೈರಯ್ಯನಿಗೆ ಹೋದ ಜೀವ ಬಂತು. ಬಾಯಿ ಸುಳ್ಳು ಹೇಳಬಹುದು, ಸ್ಟೀಲು ಹೇಳುತ್ತದೆಯೇ?

"ನಾನೇ ಅಮ್ಮಾ," ಕಾವೇರಮ್ಮ ಸೆರಗು ಸರಿಮಾಡಿಕೊಂಡಳು. "ಇವರ ಮನೆ ಹಾಲುಕ್ಕಿಸಿದಾಗ ಉಡುಗೊರೆ ಕೊಟ್ಟಿದ್ದೆ. ಕೊಟ್ಟವರ ಹೆಸರು ಹಾಕಿಸೋದು ವಾಡಿಕೆ ಅಲ್ವಾ?"

ವಾಡಿಕೆ ಹೌದು. ಯಾವ ಮನೆ ಪಾತ್ರೆ ತೆಗೆದರೂ ಕೊಟ್ಟವರ ಹೆಸರಿರುತ್ತದೆ. ಗಿರಿಜಾಂಬಾ ತಲೆಯಾಡಿಸಿದರು. ಆದರೂ ಹೆಡ್‌ಮಿಸ್ಟ್ರೆಸ್ ಬುದ್ಧಿ, ಬಿಡಲಿಲ್ಲ. ಸುಜಾತಳನ್ನು ಹತ್ತಿರ ಕರೆದರು. "ನೀನು ಹೇಳು ಮಗೂ. ನೀನು ಹೇಳಿದ್ದನ್ನ ನಾನು ನಂಬ್ತೀನಿ. ಇವೆಲ್ಲ ಯಾರದ್ದು?"

ಸುಜಾತ ಬಾಗಿಲ ಕಡೆ ನೋಡಿದಳು. ಕಾವೇರಮ್ಮನ ಸೆರಗಿನ ಹಿಂದೆ ಕೋಕಿಲ ತಲೆ ತಗ್ಗಿಸಿ ನಿಂತಿದ್ದಳು. ಅಳು ತಡೆದು ತಡೆದು ಭುಜ ಅಲುಗುತ್ತಿತ್ತು.

"ನಮ್ದೇ ಮಿಸ್," ಅಂದಳು ಸುಜಾತ.

ಗಿರಿಜಾಂಬಾ ಲೋಟ ಕೆಳಗಿಟ್ಟು ಎದ್ದರು. ಪಂಚಾಕ್ಷರಯ್ಯ ಹೋಗುವಾಗ, "ಇರೋದನ್ನ ಇಲ್ಲ ಅನ್ನೋದು ತಪ್ಪು ಬೈರಯ್ಯ. ಮಗಳಾದ್ರೂ ನಿಜ ಹೇಳಿದ್ಲು," ಎಂದು ಬುದ್ಧಿ ಹೇಳಿದರು. ಬೈರಯ್ಯ ತಲೆಯಾಡಿಸಿ, ಅಭ್ಯಾಸಬಲದಿಂದ ಅವರ ಚಪ್ಪಲಿ ತಿರುಗಿಸಿ ಇಟ್ಟ.

ಉಳಿದ ಮನೆಗಳನ್ನು ನೋಡಿ, ಅಂಗಳದಲ್ಲೇ ನಿಂತು ಕೋಕಿಲಳ ಹೆಸರು ಹೇಳಿದರು. ಕೂರಲು ಒಂದು ಕುರ್ಚಿಯೂ ಇಲ್ಲದ ಮನೆ ನೋಡಿ ಗಿರಿಜಾಂಬಾಗೆ ಕರುಳು ಚುರ್ ಎಂದಿತ್ತಂತೆ.

ಅವರು ಬೀದಿ ತಿರುಗುತ್ತಲೇ ಸಾಮಾನು ವಾಪಸ್ ಹೊರಟಿತು. ಗಡಿಯಾರ ಹೋಯಿತು, ಮೊಳೆ ಉಳಿಯಿತು. ಕುರ್ಚಿಗಳಿಗೆ ಹಿತ್ತಲ ಬಾವಿಯಿಂದ ನೀರು ಸೇದಿ ಸ್ನಾನ ಮಾಡಿಸಿ ಒಳಗೆ ತೆಗೆದುಕೊಂಡರು. ಬೈರಯ್ಯ ಮಗಳನ್ನು ಕೇಳಿದ, "ಯಾಕವ್ವಾ ಹಂಗಂದೆ?"

"ಕೋಕಿಲ ಅಳ್ತಿದ್ಲು ಅಪ್ಪಾ. ಅವಳೆದುರಿಗೆ ಅವಳಮ್ಮನ್ನ ಸುಳ್ಳಿ ಅಂತ ಹೆಂಗನ್ಲಿ?"

ಬೈರಯ್ಯ ಪಂಚೆ ತುದಿಯಿಂದ ಮುಖ ಒರೆಸಿಕೊಂಡ. ಆಮೇಲೆ ಲೋಟಗಳನ್ನು ಬೂದಿ ಹಾಕಿ ಫಳಫಳ ತಿಕ್ಕಿ ಮೊದಲನೇ ಮನೆಗೆ ತೆಗೆದುಕೊಂಡು ಹೋದ. ಕಾವೇರಮ್ಮ ಕೈ ಚಾಚಲಿಲ್ಲ.

"ಅದು ನೀನೇ ಇಟ್ಕೊಳ್ಳಯ್ಯ. ಉಡುಗೊರೆ ಅಂತ ಹೇಳಿಬಿಟ್ಟಿದೀನಲ್ಲ. ಅದೂ ಅಲ್ದೆ, ನಿಮ್ಮ ಮನೇಲಿ ಕಾಫಿಗೆ ಬಳಸಿದ್ದು ಬೇರೆ..." ಅಂದು ಮಾತು ನುಂಗಿದಳು.

ಜೂನಿನಲ್ಲಿ ಸ್ಕೂಲು ಶುರುವಾಯಿತು. ಕೋಕಿಲ ಹೊಸ ಲಂಗ ಹಾಕಿಕೊಂಡು, ಕೊನೇ ಮನೆ ಕಡೆ ನೋಡದೆ ಹೋದಳು. ಸುಜಾತ ಅಮ್ಮನ ಪಕ್ಕ ಹಲಗೆ ಮುಂದೆ ಕೂತು ಊದುಬತ್ತಿ ಹೊಸೆದಳು. ಬಾಯಾರಿದಾಗ ಎದ್ದು ನೀರು ಕುಡಿದಳು. ಮನೇಲಿದ್ದ ಒಳ್ಳೇ ಲೋಟ ಅವೇ ಆದ್ದರಿಂದ, ಕಾವೇರಮ್ಮ ಅಂತ ಹೆಸರಿದ್ದ ಲೋಟದಲ್ಲೇ ಕುಡಿದಳು.